ನಕ್ಷೆಯಲ್ಲಿ ಓರೆಗಡಿತ

ನಾಲ್ಕು ಕಡೆಗೂ ಇಳಿಜಾರಾದ ಹೆಂಚಿನ ಮಾಡನ್ನು ಕೆಳಗೆ ನಿಂತು ನೋಡುವವರಿಗೆ ಅದರ ಮೂಲೆಯ ಕಷ್ಟ ತಿಳಿಯದು. ಗೋಡೆಯ ಮೂಲೆಯಿಂದ ನೆತ್ತಿಗೇರುವ ಮೂಲೆ ಪಕ್ಕಾಸಿಗೆ ಇಕ್ಕೆಲಗಳಿಂದ ಗಿಡ್ಡ ಪಕ್ಕಾಸುಗಳು ಬಂದು ಸೇರುತ್ತವೆ. ಅವುಗಳ ತುದಿಯ ಕಡಿತ ಒಮ್ಮೆಲೇ ಎರಡು ಕಡೆಗೆ ಓರೆ. ಇದನ್ನು ಕಾಗದದ ಮೇಲೆ ತೋರಿಸುವುದೆಂತು?

ಲೆಕ್ಕದ ಸೌಕರ್ಯಕ್ಕಾಗಿ ನಾಲ್ಕೂ ಇಳಿಜಾರುಗಳು 45 ಡಿಗ್ರಿಯವೆಂದಿಟ್ಟುಕೊಳ್ಳೋಣ. ಗೋಡೆಯಿಂದ ನೆತ್ತಿಯವರೆಗಿನ ಅಡ್ಡಳತೆ 10 ಅಡಿ, ಎತ್ತರವೂ 10 ಅಡಿ. ಮೇಲಿನಿಂದ ನೋಡಿ ಬರೆದ ನಕ್ಷೆಯಲ್ಲಿ ಮೂಲೆ ಪಕ್ಕಾಸಿನ ಉದ್ದ ಸುಮಾರು 14 ಅಡಿ 2 ಅಂಗುಲ. ನಿಜವಾಗಿ ಬೇಕಾದುದು ಸುಮಾರು 17 ಅಡಿ 4 ಅಂಗುಲ! ಗಿಡ್ಡ ಪಕ್ಕಾಸಿನ ಕಡಿತವು ನಕ್ಷೆಯಲ್ಲಿ 45 ಡಿಗ್ರಿಯಾಗಿ ಕಂಡರೂ, ಮರದ ಮೇಲ್ಮುಖದಲ್ಲಿ ಅಂಚಿಗೆ ಎಳೆಯಬೇಕಾದ ಗೆರೆ 35 ಡಿಗ್ರಿಗಿಂತ ತುಸುವೇ ಹೆಚ್ಚು. ನಕ್ಷೆಯನ್ನೇ ನಂಬಿ ಗರಗಸವಿಟ್ಟರೆ ಒಳ್ಳೆಯ ಮರ ಒಲೆಯ ಪಾಲಾದೀತು. ಆಗ ಬೈಸಿಕೊಳ್ಳುವವನು ಬಡಗಿ. ತಪ್ಪು ಮಾತ್ರ ನಕ್ಷೆ ಬರೆದವನದು.

ಕಾಗದಕ್ಕೆ ಸಮಾಂತರವಾದ ಮುಖವಷ್ಟೇ ನಿಜವಾದ ಆಕಾರದಲ್ಲಿ ಕಾಣುತ್ತದೆ, ಓರೆಯಾದುದು ಕುಗ್ಗುತ್ತದೆ. ಆದುದರಿಂದ ಇಳಿಜಾರಿಗೆ ನೇರ ಎದುರಾಗಿ ನಿಂತು ನೋಡಿದಂತೆ ಸಹಾಯಕ ನೋಟವೊಂದನ್ನು ಬರೆದು, ಕೋನವನ್ನು ಅಲ್ಲಿಯೇ ನಮೂದಿಸಬೇಕು. ಮರದ ಪಕ್ಕದ ಮುಖಕ್ಕೆ ಒಂದು ನೋಟ, ಮೇಲ್ಮುಖಕ್ಕೆ ಇನ್ನೊಂದು. ಎರಡು ಓರೆಗಳನ್ನೂ ಒಂದೇ ಚಿತ್ರದಲ್ಲಿ ತುರುಕುವುದು ಜಾಣತನವಲ್ಲ. ಮೂರು ಆಯಾಮದ ಚಿತ್ರವೊಂದು ಜೊತೆಗಿದ್ದರೆ ಗ್ರಹಿಕೆಗೆ ಸುಲಭ. ಆದರೆ ಅದರಿಂದ ಕೋನವನ್ನು ಅಳೆಯಲಾಗದು.

ಈ ವಿದ್ಯೆಗೆ ಶಾಸ್ತ್ರರೂಪವನ್ನು ಕೊಟ್ಟವನು ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮೋಂಜ್ (1746-1818). ಕೋಟೆ ಕಟ್ಟುವುದಕ್ಕೆ ಒದಗುವ ವಿದ್ಯೆಯಾದುದರಿಂದ ಅದನ್ನು ಬಹುಕಾಲ ಸೈನ್ಯದ ಗುಟ್ಟಾಗಿಡಲಾಗಿತ್ತು. 1795ರಲ್ಲಿ ಪ್ಯಾರಿಸಿನಲ್ಲಿ ಆತನ ಉಪನ್ಯಾಸಗಳ ಮೂಲಕ ಅದು ಬಯಲಿಗೆ ಬಂತು.

ಇಷ್ಟಾದರೂ ಸಂದೇಹ ಉಳಿದರೆ ಸಹಾಯಕ ನೋಟವನ್ನು ಪೂರ್ಣ ಅಳತೆಯಲ್ಲಿ ರಟ್ಟಿನ ಮೇಲೆ ಬರೆದು ಕತ್ತರಿಸಿ, ಮರದ ಮೇಲಿಟ್ಟು ಗೆರೆ ಎಳೆಯುವುದು ಲೇಸು.