ಊರ ಸಭೆಯಲ್ಲಿ ಊರವರ ಮಾತು

ಮಾತು ಮನುಷ್ಯನಿಗೆ ಎಳವೆಯಲ್ಲೇ ಒದಗಿ ಬರುವ ಸಂಪತ್ತು. ಸಭೆಯಲ್ಲಿ ಆಡುವ ಮಾತು ಮಾತ್ರ ಸಾಧನೆಯಿಂದ ಬರುವಂಥದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ನಮ್ಮ ಮನೆತನಗಳಲ್ಲಿ ಓದಿದ ಮಕ್ಕಳಿಗೆ ಕೊರತೆಯಿಲ್ಲ. ವಚನಗಳನ್ನು ಭಾವಪೂರ್ಣವಾಗಿ ಹಾಡುವ ತಾಯಂದಿರೂ ಅನೇಕರಿದ್ದಾರೆ. ಆದರೂ ಬಸವ ಜಯಂತಿ ಬಂದಿತೆಂದರೆ ಉಪನ್ಯಾಸಕರನ್ನು ಹೊರ ಊರಿನಿಂದ ಕರೆಸುವುದೇ ರೂಢಿಯಾಗಿದೆ. ಊರವರ ಪಾಲಿಗೆ ಉಳಿಯುವುದು ಸ್ವಾಗತ ಮತ್ತು ವಂದನಾರ್ಪಣೆ. ಹೆಣ್ಣುಮಕ್ಕಳ ಪಾಲಿಗೆ ಪ್ರಾರ್ಥನಾಗೀತೆ. ಹೊರಗಿನ ವಿದ್ವಾಂಸರು ಬರಲಿ, ಸಂತೋಷ. ಆದರೆ ನಮ್ಮವರು ಕೇಳುಗರಾಗಿಯೇ ಉಳಿದುಬಿಟ್ಟರೆ ಶರಣಪರಂಪರೆಯ ಒಂದು ಮುಖ್ಯ ನಡೆಯನ್ನೇ ನಾವು ಕೈಬಿಟ್ಟಂತಾಗುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವದ ಮಾತಿಗೆ ಕುಳಿತವರು ಯಾರು? ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿಮಾಡುವ ಮಡಿವಾಳ ಮಾಚಯ್ಯ, ಅಕ್ಕಿ ಆಯುವ ಕಾಯಕದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ. ಇವರು ಭಾಷಣಕಲೆ ಕಲಿತು ಬಂದವರಲ್ಲ. ತಾವು ಬದುಕಿದ್ದನ್ನೇ ನುಡಿದರು. ಅವರ ಕಾಯಕವನ್ನು ಕಣ್ಣಾರೆ ಕಂಡವರೇ ಎದುರಿಗೆ ಕುಳಿತಿದ್ದರು. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸುವ ಪ್ರಸಂಗವಿದೆ. ಪ್ರಶ್ನೆಗೆ ಅಂಜದ ಮಾತೇ ಅಲ್ಲಿ ಮಾತೆನಿಸಿತು.

ಇತ್ತೀಚಿನ ಕಾಲದಲ್ಲಿಯೂ ಈ ಪರಂಪರೆಗೆ ಜೀವ ತುಂಬಿದ ಹಿರಿಯರಿದ್ದಾರೆ. ಹಾನಗಲ್ಲ ಕುಮಾರ ಸ್ವಾಮಿಗಳು ೧೯೦೯ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ವಟುಗಳನ್ನು ಶಾಸ್ತ್ರ, ಯೋಗ, ಸಂಗೀತಗಳಲ್ಲಿ ತಿದ್ದಿದರು. ಹರ್ಡೇಕರ ಮಂಜಪ್ಪನವರು ೧೯೧೩ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮೊದಲುಮಾಡಿದರು. ಇಂದು ಊರೂರಿನಲ್ಲಿ ನಡೆಯುವ ಜಯಂತಿಯ ಸಭೆಗಳಿಗೆ ಆ ಆರಂಭವೇ ಮೂಲ.

ನಮ್ಮ ಜಿಲ್ಲೆಯ ಹೆಸರೂ ಈ ಕ್ಷೇತ್ರದಲ್ಲಿ ಸಣ್ಣದಲ್ಲ. ಅ. ನ. ಕೃಷ್ಣರಾಯರ ಹೆಸರಿನ ಮೊದಲ ಅಕ್ಷರವೇ ಅರಕಲಗೂಡು. ೧೯೬೦ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಅವರು ಜನ ಮುಗಿಬಿದ್ದು ಕೇಳುವಂಥ ವಾಗ್ಮಿಗಳಾಗಿದ್ದರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ಹೇಮಾವತಿಯ ದಡದ ಹಳ್ಳಿಯ ಬದುಕನ್ನೇ ನಾಡಿಗೆಲ್ಲ ಪ್ರಿಯವಾಗುವಂತೆ ಹೇಳಿದರು. ಹಳ್ಳಿಯ ನುಡಿಯೆಂದು ನಾಚಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಆರಂಭ ಎಲ್ಲಿಂದ? ಮನೆಯಿಂದಲೇ. ಸಂಜೆ ಲಿಂಗಪೂಜೆಯ ನಂತರ ಒಂದು ವಚನವನ್ನು ಗಟ್ಟಿಯಾಗಿ ಓದಿ, ಅದರ ಭಾವವನ್ನು ಮನೆಯವರಿಗೆ ಐದು ನಿಮಿಷ ಹೇಳುವುದು ಮೊದಲ ಮೆಟ್ಟಿಲು. ಮಕ್ಕಳು ಕೇಳುವ ಪ್ರಶ್ನೆಗಳೇ ಮೊದಲ ಪರೀಕ್ಷೆ. ನೆರೆಹೊರೆಯವರು ಸೇರುವ ‘ಮನೆಯಲ್ಲಿ ಮಹಾಮನೆ’ಯಂಥ ಗೋಷ್ಠಿಗಳು ಎರಡನೆಯ ಮೆಟ್ಟಿಲು. ೧೯೮೬ರಲ್ಲಿ ಆರಂಭವಾದ ಅಖಿಲ ಭಾರತ ಶರಣ ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಗಳು ಶಾಲಾಕಾಲೇಜುಗಳಲ್ಲಿ ಏರ್ಪಡಿಸುವ ದತ್ತಿ ಉಪನ್ಯಾಸಗಳು ಮೂರನೆಯದು. ಮೊದಲೆರಡನ್ನು ಏರದೆ ಮೂರನೆಯದಕ್ಕೆ ಕಾಲಿಡುವವರೇ ಎಡವುವುದು.

ವಿಷಯ ಒಂದೇ ಇರಲಿ. ಒಂದು ವಚನ, ಅದಕ್ಕೊಂದು ದೃಷ್ಟಾಂತ, ಅದರಿಂದ ನಮ್ಮ ಬಾಳಿಗೊಂದು ಮಾತು. ಹತ್ತು ನಿಮಿಷಕ್ಕೆ ಇಷ್ಟು ಸಾಕು. ದೃಷ್ಟಾಂತವನ್ನು ಕೇಳುವವರ ಬದುಕಿನಿಂದಲೇ ಆರಿಸಿಕೊಳ್ಳಬೇಕು. ಹಾಸನದ ಸುತ್ತಿನ ಆಲೂಗಡ್ಡೆ ಬೆಳೆಗಾರರ ಮುಂದೆ ಕಾಯಕನಿಷ್ಠೆಯನ್ನು ಹೇಳುವಾಗ, ಅಂಗಮಾರಿ ರೋಗಕ್ಕೆ ಬೆಳೆ ತುತ್ತಾದರೂ ಮರುವರ್ಷ ಮತ್ತೆ ಬಿತ್ತುವ ರೈತನನ್ನು ನೆನೆಯಿರಿ. ಅರಕಲಗೂಡಿನಲ್ಲಿ ರಾತ್ರಿಯಿಡೀ ಹೊಗೆಸೊಪ್ಪಿನ ಬ್ಯಾರನ್ನಿನ ಬೆಂಕಿ ಕಾಯುವವರನ್ನು ನೆನೆಯಿರಿ. ದಾಸೋಹವನ್ನು ಹೇಳಲು ಚನ್ನರಾಯಪಟ್ಟಣದಲ್ಲಿ ಅಜ್ಜ ನೆಟ್ಟು ಮೊಮ್ಮಗ ಉಣ್ಣುವ ತೆಂಗು ಇದೆ. ಹೊಳೆನರಸೀಪುರದಲ್ಲಿ ನಾಲೆಯ ಕೊನೆಯ ಗದ್ದೆಗೂ ನೀರು ಬಿಡುವ ನೆರೆಯವನಿದ್ದಾನೆ.

ಇಡೀ ಭಾಷಣವನ್ನು ಬರೆದು ಓದಿದರೆ ಕಣ್ಣು ಕಾಗದದಲ್ಲೇ ಉಳಿಯುತ್ತದೆ. ಕಂಠಪಾಠ ಮಾಡಿದರೆ ಒಂದು ಪದ ಮರೆತರೂ ಎಲ್ಲವೂ ನಿಲ್ಲುತ್ತದೆ. ಆದುದರಿಂದ ಮೊದಲ ಮತ್ತು ಕೊನೆಯ ವಾಕ್ಯಗಳನ್ನು ಮನನ ಮಾಡಿಕೊಂಡು, ನಡುವಿನ ಅಂಶಗಳನ್ನು ಚೀಟಿಯಲ್ಲಿ ಬರೆದುಕೊಳ್ಳುವುದು ಉತ್ತಮ. ವೇದಿಕೆಯ ಗಣ್ಯರ ಹೆಸರನ್ನು ಒಬ್ಬೊಬ್ಬರದಾಗಿ ಹೇಳುತ್ತ ಹೋದರೆ ಸಿಕ್ಕ ಹತ್ತು ನಿಮಿಷದಲ್ಲಿ ಮೂರು ಕಳೆದೇ ಹೋಗುತ್ತವೆ. ಪೂಜ್ಯರಿಗೂ ಸಭೆಗೂ ಒಂದೇ ವಾಕ್ಯದಲ್ಲಿ ಶರಣು ಹೇಳಿ ವಿಷಯಕ್ಕೆ ಬರಬೇಕು. ಮೈಕನ್ನು ಬಾಯಿಂದ ಒಂದು ಗೇಣು ದೂರವಿರಿಸಿಕೊಂಡರೆ ಕಿರುಚುವ ಅಗತ್ಯವಿರುವುದಿಲ್ಲ.

ಸಭಾಕಂಪ ಎಲ್ಲರಿಗೂ ಸಹಜ. ಎದೆ ಬಡಿತ ಹೆಚ್ಚಿ ಉಸಿರು ಮೊಟಕಾಗುವುದರಿಂದ ದನಿ ನಡುಗುತ್ತದೆ. ಏಳುವ ಮೊದಲು ಎರಡು ಮೂರು ಸಲ ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಮೊದಲ ವಾಕ್ಯವನ್ನು ಸಾವಕಾಶವಾಗಿ ನುಡಿದರೆ ಉಳಿದುದು ಹಾದಿ ಹಿಡಿಯುತ್ತದೆ.

ಆದರೆ ಇದಕ್ಕಿಂತ ಆಳವಾದ ಅಂಜಿಕೆಯೊಂದಿದೆ: ‘ಊರವರಿಗೆಲ್ಲ ನಾನು ಗೊತ್ತು, ನಾನೇನು ಹೇಳಲಿ?’ ಎಂಬುದು. ಈ ಅಂಜಿಕೆ ಒಳ್ಳೆಯದೇ. ವರದಕ್ಷಿಣೆ ಪಡೆದವರು ಅದರ ವಿರುದ್ಧ ಮಾತನಾಡಿದರೆ ಹೊರ ಊರಿನ ಸಭೆ ಚಪ್ಪಾಳೆ ತಟ್ಟೀತು. ಸ್ವಂತ ಊರಿನ ಸಭೆ ತಲೆ ತಗ್ಗಿಸೀತು. ಬಸವಣ್ಣನವರು ನುಡಿಯ ಸೊಬಗನ್ನು ಬಣ್ಣಿಸಿದ ಪ್ರಸಿದ್ಧ ವಚನವೂ ಕೊನೆಗೆ ಕೇಳುವುದು ನಡೆಯನ್ನೇ. ಬದುಕಲಾರದ ಮಾತನ್ನು ಬಿಟ್ಟು, ಬದುಕಿದಷ್ಟನ್ನೇ ಹೇಳಲು ನಿಶ್ಚಯಿಸಿದರೆ ಮಾತು ಚಿಕ್ಕದಾಗುತ್ತದೆ, ಆದರೆ ತೂಕದ್ದಾಗುತ್ತದೆ. ಊರವರ ಮಾತಿಗೆ ಮಾತ್ರ ಬರುವ ತೂಕ ಇದು.

ತಾಯಂದಿರು ಈ ಕೆಲಸಕ್ಕೆ ಮುಂದಾಗಬೇಕು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ತಿದ್ದಿ, ಹಿಂದಿರುಗಿಸಿ ಬರಲು ಹೇಳಿದವಳು ಲಕ್ಕಮ್ಮ. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಿದ್ದ ಪರಂಪರೆಯಲ್ಲಿ ಅವರ ಬಗೆಗಿನ ಉಪನ್ಯಾಸವನ್ನೂ ಪುರುಷರೇ ಮಾಡುವುದು ಶೋಭೆಯಲ್ಲ.

ಸಂಘಟಕರಲ್ಲಿ ಒಂದು ವಿನಂತಿ. ಪ್ರತಿ ಶಿವಾನುಭವ ಗೋಷ್ಠಿಯಲ್ಲಿ ಹತ್ತು ನಿಮಿಷವನ್ನು ಊರಿನ ಒಬ್ಬ ಹೊಸಬರಿಗೆ ಮೀಸಲಿಡಿ. ಒಮ್ಮೆ ಯುವಕರಿಗೆ, ಒಮ್ಮೆ ಗೃಹಿಣಿಗೆ. ತಪ್ಪಿದ್ದರೆ ಹಿರಿಯರು ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ತಿದ್ದಲಿ. ಒಂದು ಗುಣ ಹೇಳಿ, ಆಮೇಲೆ ಒಂದು ದೋಷ ಹೇಳಲಿ. ತಿಂಗಳಿಗೊಬ್ಬರಂತೆ ವರ್ಷಕ್ಕೆ ಹನ್ನೆರಡು ಮಂದಿ ಎದ್ದು ನಿಂತರೆ, ಮುಂದಿನ ಬಸವ ಜಯಂತಿಗೆ ಉಪನ್ಯಾಸಕರನ್ನು ಊರಲ್ಲೇ ಆರಿಸಿಕೊಳ್ಳಬಹುದು.