ತಟ್ಟೆ ಮೊದಲು, ಡಬ್ಬಿ ಆಮೇಲೆ

ವಿಶಾಖಪಟ್ಟಣದಲ್ಲಿ ನೆಲೆಸಿದವರಿಗೆ ನೌಕಾಪಡೆ ದೂರದ ಸಂಗತಿಯಲ್ಲ. ಪೂರ್ವ ನೌಕಾ ಕಮಾಂಡ್‌ನ ಕೇಂದ್ರ ಕಚೇರಿ ಇರುವುದೇ ಇಲ್ಲಿ. ರಾಮಕೃಷ್ಣ ಬೀಚಿಗೆ ಹೋದರೆ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿ ದಡದ ಮೇಲೆಯೇ ಕಾಣುತ್ತದೆ. 1969ರಲ್ಲಿ ಸೇವೆಗೆ ಸೇರಿ 2001ರಲ್ಲಿ ನಿವೃತ್ತಿಯಾದ ಅದು ಮರುವರ್ಷ ವಸ್ತುಸಂಗ್ರಹಾಲಯವಾಯಿತು. ಊರಿನಿಂದ ಬಂದವರಿಗೆ ನಾನು ತಪ್ಪದೆ ತೋರಿಸುವುದು ಅದರ ಅಡುಗೆ ಕೋಣೆಯನ್ನು. ಸುಮಾರು 75 ಮಂದಿಗೆ ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಅಡುಗೆ ಆಗುತ್ತಿತ್ತು. ವಾರಗಟ್ಟಲೆ ಬಿಸಿಲು ಕಾಣದ ಆ ಜನ ಏನು ಉಣ್ಣುತ್ತಿದ್ದರು ಎಂಬುದೇ ದೊಡ್ಡ ಪ್ರಶ್ನೆ.

ಕೆಲಸದ ಮೇಲೆ ತಿಂಗಳಿಗೆ ಒಂದು ವಾರ ವಿಜಯವಾಡದಲ್ಲಿರುತ್ತೇನೆ. ಅಲ್ಲಿ ಬೆಳಗಿನ ಐದಕ್ಕೇ ಮೈದಾನದಲ್ಲಿ ಹುಡುಗರು ಓಡುತ್ತಿರುತ್ತಾರೆ, ಎಲ್ಲರ ಕಣ್ಣೂ ಅಗ್ನಿವೀರ ಭರ್ತಿಯ ಮೇಲೆ. ಹೊತ್ತೇರಿದರೆ ಆ ಸೆಕೆಯಲ್ಲಿ ಓಡುವುದಿರಲಿ, ನಡೆಯುವುದೂ ಕಷ್ಟ. ಇತ್ತ ಹಾವೇರಿಯಲ್ಲಿ ನನ್ನ ಸೋದರತ್ತೆಯ ಮಗನೂ ಅದೇ ತಯಾರಿಯಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ಅತ್ತೆ ಫೋನ್ ಮಾಡಿ ಕೇಳಿದ್ದು ಇಷ್ಟು: ‘ತಮ್ಮಾ, ಜಿಮ್ಮಿನ ಸರ್ ಎರಡು ಡಬ್ಬಿ ಪುಡಿ ಬರದು ಕೊಟ್ಟಾರಂತ. ತಿಂಗಳಿಗೆ ಆರು ಸಾವಿರ. ಕೊಡಿಸಬೇಕೇನು?’

ಎರಡು ಎಕರೆ ಮೆಕ್ಕೆಜೋಳ ನಂಬಿದ ಮನೆಗೆ ಆರು ಸಾವಿರ ಸಣ್ಣ ಮೊತ್ತವಲ್ಲ. ಲೇಬಲ್‌ಗಳ ಫೋಟೊ ಕಳಿಸು ಎಂದೆ. ಒಂದು ವೇ ಪ್ರೋಟೀನ್, ಅಂದರೆ ಹಾಲೊಡಕಿನ ಪುಡಿ. ಇನ್ನೊಂದು ಓಟಕ್ಕೆ ಮುಂಚೆ ಕುಡಿಯುವ ಉತ್ತೇಜಕ. ಅದರಲ್ಲಿ ಕೆಫೀನ್ ಎಷ್ಟಿದೆ ಎಂದು ಬರೆದಿರಲಿಲ್ಲ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯೂ ಇರಲಿಲ್ಲ. ಗೆಳೆಯನ ಡಬ್ಬಿಯಿಂದ ಎರಡು ದಿನ ಕುಡಿದಿದ್ದನಂತೆ. ಎದೆ ಢವಢವ ಎಂದು ರಾತ್ರಿಯಿಡೀ ನಿದ್ದೆ ಬರಲಿಲ್ಲ ಎಂದು ಆಮೇಲೆ ಬಾಯಿಬಿಟ್ಟ.

ಸೈನಿಕರ ಊಟದ ಪ್ರಶ್ನೆ ಹಳೆಯದು. 1882-83ರಲ್ಲಿ ಜಪಾನಿನ ರ್‍ಯೂಜೋ ಎಂಬ ಯುದ್ಧನೌಕೆಯಲ್ಲಿದ್ದ 376 ಮಂದಿಯಲ್ಲಿ 169 ಜನರಿಗೆ ಬೆರಿಬೆರಿ ಬಂತು, 25 ಮಂದಿ ಸತ್ತರು. ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಬಿಳಿ ಅಕ್ಕಿಯ ಊಟದ ಮೇಲೆ ಅನುಮಾನಪಟ್ಟರು. 1884ರಲ್ಲಿ ತ್ಸುಕುಬಾ ಹಡಗನ್ನು ಅದೇ ಹಾದಿಯಲ್ಲಿ ಕಳಿಸುವಾಗ ಊಟ ಬದಲಾಯಿಸಿದರು. ಬೆರಿಬೆರಿಯಿಂದ ಒಂದು ಸಾವೂ ಆಗಲಿಲ್ಲ. ವಿಟಮಿನ್ ಎಂಬ ಪದ ಹುಟ್ಟುವ ಮುಂಚಿನ ಮಾತಿದು. ಮೊದಲ ಮಹಾಯುದ್ಧದಲ್ಲಿ ಕುಟ್ ಮುತ್ತಿಗೆಯೊಳಗೆ ಸಿಕ್ಕಿಬಿದ್ದ ಭಾರತೀಯ ಸಿಪಾಯಿಗಳಿಗೆ ಸ್ಕರ್ವಿ ಬಂದರೆ, ಅವರ ಪಕ್ಕದಲ್ಲೇ ಇದ್ದ ಬ್ರಿಟಿಷ್ ಸೈನಿಕರಿಗೆ ಬಂದದ್ದು ಬೆರಿಬೆರಿ. ಕೋಟೆ ಒಂದೇ, ತಟ್ಟೆ ಬೇರೆ.

ನಮ್ಮ ಕಡೆಯ ತಟ್ಟೆಗೆ ಈಗ ಮರ್ಯಾದೆ ಮರಳಿದೆ. 2023ರಲ್ಲಿ ಭಾರತೀಯ ಸೇನೆ ಅರ್ಧ ಶತಮಾನದ ನಂತರ ಸಿರಿಧಾನ್ಯವನ್ನು ಪಡಿತರಕ್ಕೆ ಮತ್ತೆ ತಂದಿತು. ಅಕ್ಕಿ–ಗೋಧಿ ಹಿಟ್ಟಿನ ಪಾಲಿನಲ್ಲಿ ಶೇ 25ರವರೆಗೆ ಸಜ್ಜೆ, ಜೋಳ, ರಾಗಿಯ ಹಿಟ್ಟು ಪಡೆಯಬಹುದು. ಸೈನಿಕರಿಗಾಗಿ ಕೆಡದ ಚಪಾತಿ, ಬಿಸಿನೀರಿನಲ್ಲಿಟ್ಟರೆ ಊಟಕ್ಕೆ ಸಿದ್ಧವಾಗುವ ಪೊಟ್ಟಣಗಳನ್ನು ರೂಪಿಸಿದ್ದು 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಹಿಮದಲ್ಲಿ ನಿಂತವನ ಹೊಟ್ಟೆಗೂ ಕರ್ನಾಟಕದ ಪಾಲು ಇದೆ.

ಲೆಕ್ಕಕ್ಕೆ ಬರೋಣ. ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಎನ್ನುತ್ತದೆ ಐಸಿಎಂಆರ್. ಕಠಿಣ ತರಬೇತಿಯಲ್ಲಿರುವವರಿಗೆ 1.2ರಿಂದ 1.6 ಗ್ರಾಂ ಎಂದಿಟ್ಟುಕೊಳ್ಳಿ. 60 ಕಿಲೊ ಹುಡುಗನಿಗೆ 72ರಿಂದ 96 ಗ್ರಾಂ. ಮೂರು ಮೊಟ್ಟೆಗೆ 18, ಅರ್ಧ ಲೀಟರ್ ಹಾಲಿಗೆ 16, ನೂರು ಗ್ರಾಂ ಬೇಳೆ ಅಥವಾ ಹುರುಳಿಗೆ 22, ಐವತ್ತು ಗ್ರಾಂ ಶೇಂಗಾಕ್ಕೆ 12, ಅನ್ನ–ರೊಟ್ಟಿಯಿಂದ 25. ಒಟ್ಟು 93. ಮನೆಯ ಊಟದ ಮೇಲೆ ಮೊಟ್ಟೆ, ಹಾಲು, ಶೇಂಗಾಕ್ಕೆ ಹೆಚ್ಚಿಗೆ ತಗಲುವುದು ತಿಂಗಳಿಗೆ ಸುಮಾರು 1,600 ರೂಪಾಯಿ. ಹಾಲೊಡಕಿನ ಪುಡಿ ವಿಷವೇನಲ್ಲ. ಊಟದಲ್ಲಿ ಕೊರತೆ ಇದ್ದರೆ ಅದೂ ಆಹಾರವೇ. ಆದರೆ ಪ್ರೋಟೀನ್ ಪೂರಕಗಳಿಂದ ದೂರ ಇರುವುದು ಒಳಿತು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ಹಾಗಂತ ಪೂರಕಗಳೆಲ್ಲ ಬರಿ ವ್ಯಾಪಾರ ಎನ್ನಲಾಗದು. ಒಮ್ಮೆಲೇ ಓಟ, ಕವಾಯತು ಹೆಚ್ಚಾದಾಗ ಹೊಸ ಸೈನಿಕರ ಕಾಲಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಅಮೆರಿಕದ ನೌಕಾಪಡೆಗೆ ಸೇರಿದ 5,201 ಮಹಿಳೆಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಟು ವಾರ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಾಗ ಇಂಥ ಬಿರುಕುಗಳು ಶೇ 20ರಷ್ಟು ಇಳಿದವು. ಜಲಾಂತರ್ಗಾಮಿಯಲ್ಲಿ ಬಿಸಿಲೇ ಸಿಗದವರಿಗೂ ವಿಟಮಿನ್ ಡಿ ಬೇಕಾಗಬಹುದು. ಇವು ವೈದ್ಯರು ಪರೀಕ್ಷಿಸಿ ಕೊಡುವಂಥವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ದಿನದ ಅಗತ್ಯ 1,000. ಬೆಳಗಿನ ಅಂಬಲಿಯನ್ನು ಹಗುರಾಗಿ ಕಾಣಬೇಡಿ. ಆಂಧ್ರದವರೂ ಅದನ್ನು ಅಂಬಲಿ ಎಂದೇ ಕರೆದು ಮಜ್ಜಿಗೆ ಬೆರೆಸಿ ಕುಡಿಯುತ್ತಾರೆ.

ಅಪಾಯ ಇರುವುದು ಉತ್ತೇಜಕಗಳಲ್ಲಿ. ಡಿಎಂಎಎ ಎಂಬ ಅಂಶವಿದ್ದ ಪುಡಿಗಳ ಮಾರಾಟವನ್ನು ಅಮೆರಿಕದ ಸೇನೆ ಸೈನಿಕರ ಸಾವಿನ ನಂತರ 2011ರ ಡಿಸೆಂಬರ್‌ನಲ್ಲಿ ತನ್ನ ಅಂಗಡಿಗಳಲ್ಲಿ ನಿಲ್ಲಿಸಿತು. ಕ್ರೀಡಾ ಕೋಟಾದ ಕನಸಿದ್ದವರಿಗೆ ಇನ್ನೊಂದು ಕಂಟಕ: ಪುಡಿಯಲ್ಲಿ ನಿಷೇಧಿತ ಅಂಶ ಬೆರೆತಿದ್ದರೆ ‘ನನಗೆ ಗೊತ್ತಿರಲಿಲ್ಲ’ ಎಂದಷ್ಟೇ ಹೇಳಿ ಪಾರಾಗಲಾಗದು. ದೇಹದೊಳಗೆ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ.

ಅತ್ತೆಗೆ ನಾನು ಹೇಳಿದ್ದು: ಎರಡನೇ ಡಬ್ಬಿ ಬೇಡವೇ ಬೇಡ, ಮೊದಲನೆಯದರ ಬದಲು ಹಾಲು, ಮೊಟ್ಟೆ, ಶೇಂಗಾ. ಜಿಮ್ಮಿನವರು ಮುಖ ಗಂಟಿಕ್ಕಿದರಂತೆ. ಹುಡುಗನಿಗೂ ಮೊದಲ ವಾರ ಸಿಟ್ಟಿತ್ತು. ಭರ್ತಿಯ ಫಲಿತಾಂಶ ಏನಾಗುತ್ತದೋ, ಅದು ಅವನ ಕಾಲಿಗೆ ಬಿಟ್ಟದ್ದು. ಸದ್ಯಕ್ಕೆ ನಿದ್ದೆ ಸರಿಯಾಗಿ ಮಾಡುತ್ತಿದ್ದಾನೆ.

ಹೊರನಾಡಿನಲ್ಲಿ ದುಡಿಯುವ ನಮ್ಮಲ್ಲಿ ಬಹಳ ಮಂದಿ ಊರಿನ ಇಂಥ ಹುಡುಗರಿಗೆ ಹಣ ಕಳಿಸುತ್ತೇವೆ. ಕಳಿಸುವ ಮುಂಚೆ ಡಬ್ಬಿಯ ಹಿಂಬದಿಯ ಫೋಟೊ ತರಿಸಿಕೊಳ್ಳಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ, ಪ್ರತಿ ಅಂಶದ ಪ್ರಮಾಣ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಆ ಹಣ ಹಾಲಿನವನ ಲೆಕ್ಕಕ್ಕೆ ಹೋಗಲಿ.