ನರ್ಸಿಂಗ್ ಸೇರಿದ ಮಗಳು ‘ವಾಪಸ್ ಬಂದ್ಬಿಡ್ತೀನಿ’ ಅಂದ್ರೆ ಮನೆಯವರು ಏನು ಮಾಡ್ಬೇಕು?

ಪಿಯುಸಿ ಮುಗಿಸಿ ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಸೇರಿದ ಮಕ್ಕಳಿಂದ ಮೊದಲ ಎರಡು ಮೂರು ತಿಂಗಳು ಮನೆಗೆ ಬರೋ ಫೋನ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ‘ಅಮ್ಮಾ, ಏನೂ ಅರ್ಥ ಆಗ್ತಿಲ್ಲ, ಬಂದ್ಬಿಡ್ತೀನಿ.’ ಈ ಕಡೆಯಿಂದ ಅಪ್ಪ ‘ಅಷ್ಟು ದುಡ್ಡು ಕಟ್ಟಿದೀವಿ, ಹೆಂಗಾದ್ರೂ ಓದು’ ಅಂತ ಫೋನ್ ಇಟ್ಟುಬಿಡ್ತಾರೆ. ನಿಜವಾಗಿ ಕಷ್ಟ ಏನು ಅನ್ನೋದು ಮಾತ್ರ ಯಾರಿಗೂ ಗೊತ್ತಾಗೋದೇ ಇಲ್ಲ.

ಹಳ್ಳಿ ಕಡೆಯಿಂದ ಹೋದ ಮಕ್ಕಳಿಗೆ ಮೊದಲ ಪೆಟ್ಟು ಬೀಳೋದು ಇಂಗ್ಲಿಷ್‌ನಿಂದ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಮೊದಲ ಸೆಮಿಸ್ಟರ್‌ನಲ್ಲೇ ಅನಾಟಮಿ, ಫಿಸಿಯಾಲಜಿ, ಸೈಕಾಲಜಿ, ಸೋಶಿಯಾಲಜಿ, ನರ್ಸಿಂಗ್ ಫೌಂಡೇಶನ್ ಒಟ್ಟಿಗೆ ಮೈಮೇಲೆ ಬೀಳ್ತವೆ. ಮೂರು ವರ್ಷದ ಜಿಎನ್‌ಎಂಗೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರ್ತಾರೆ, ಅವರಿಗಂತೂ ಎಲ್ಲವೂ ಹೊಸದು. ಕನ್ನಡ ಮಾಧ್ಯಮದಲ್ಲಿ ‘ಮೂತ್ರಪಿಂಡ’ ಅಂತ ಓದಿದ ಹುಡುಗಿಗೆ ಮೇಡಂ ‘ರೀನಲ್’ ಅಂದ್ರೆ ಅದು ಕಿಡ್ನಿಯ ವಿಷಯ ಅಂತ ಹೊಳೆಯೋದಿಲ್ಲ. ಅವಳಿಗೆ ತಲೆ ಇಲ್ಲ ಅಂತಲ್ಲ, ಪದ ಗೊತ್ತಿಲ್ಲ ಅಷ್ಟೆ.

ಈ ಪದಗಳನ್ನ ಬಿಡಿಸಿ ಕಲಿತರೆ ಅರ್ಧ ಭಯ ಹೋಗುತ್ತೆ. ಪದದ ಕೊನೆಗೆ ‘ಐಟಿಸ್’ ಬಂದ್ರೆ ಉರಿಯೂತ. ಗ್ಯಾಸ್ಟ್ರೋ ಅಂದ್ರೆ ಜಠರ, ಹೆಪಾಟೋ ಲಿವರ್, ಆರ್ಥ್ರೋ ಕೀಲು, ನೆಫ್ರೋ ಕಿಡ್ನಿ. ಇಷ್ಟು ಗೊತ್ತಿದ್ರೆ ಗ್ಯಾಸ್ಟ್ರೈಟಿಸ್, ಹೆಪಟೈಟಿಸ್, ಆರ್ಥ್ರೈಟಿಸ್, ನೆಫ್ರೈಟಿಸ್ ಬಾಯಿಪಾಠ ಮಾಡೋದೇ ಬೇಡ. ಹೈಪರ್ ಅಂದ್ರೆ ಜಾಸ್ತಿ, ಹೈಪೋ ಅಂದ್ರೆ ಕಡಿಮೆ. ಔಷಧಿ ಚೀಟಿಯ ಓಡಿ, ಬಿಡಿ, ಟಿಡಿಎಸ್ ಅಂದ್ರೆ ದಿನಕ್ಕೆ ಒಂದು, ಎರಡು, ಮೂರು ಸಲ. ಟಿಡಿಎಸ್ ಅಂದ ಕೂಡ್ಲೇ ಅಂಗಡಿಯವರಿಗೆ ಟ್ಯಾಕ್ಸ್ ನೆನಪಾಗುತ್ತೆ, ಆದ್ರೆ ಪಕ್ಕದ ಮೆಡಿಕಲ್ ಶಾಪ್‌ನವರು ಇದನ್ನೆಲ್ಲ ಕಣ್ಣುಮುಚ್ಚಿ ಹೇಳ್ತಾರೆ. ಕಾಲೇಜು ಶುರುವಾಗೋ ಮೊದಲು ಮಗಳನ್ನ ಒಂದು ವಾರ ಅಲ್ಲಿ ಕೂರಿಸಿದ್ರೂ ಉಪಯೋಗವೇ.

ಎರಡನೇ ಭಯ ವಾರ್ಡಿನದು. ರಕ್ತ, ಗಾಯ ನೋಡಿ ತಲೆ ತಿರುಗಿ ಬಿದ್ದವರು ‘ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ’ ಅಂತ ತೀರ್ಮಾನಿಸಿಬಿಡ್ತಾರೆ. ಹಾಗೇನಿಲ್ಲ. ಕೆಲವರಿಗೆ ರಕ್ತ ಕಂಡಾಗ ಎದೆಬಡಿತ ನಿಧಾನವಾಗಿ, ಬಿಪಿ ಒಮ್ಮೆಲೇ ಇಳಿದು, ಮಿದುಳಿಗೆ ಹೋಗೋ ರಕ್ತ ಸ್ವಲ್ಪ ಹೊತ್ತು ಕಡಿಮೆ ಆಗುತ್ತೆ. ಬೆವರು, ಕಣ್ಣು ಮಂಜು, ಕಿವಿಯಲ್ಲಿ ಗುಂಯ್ ಅನ್ನೋದು ಅದರ ಮುನ್ಸೂಚನೆ. ಆ ಕ್ಷಣವೇ ಕೂರಬೇಕು ಅಥವಾ ಮಲಗಬೇಕು. ಕಾಲು, ಕೈಗಳ ಸ್ನಾಯು ಬಿಗಿ ಹಿಡಿದ್ರೆ ಬಿಪಿ ಮೇಲೇರೋಕೆ ಸಹಾಯ. ಬೆಳಗ್ಗೆ ತಿಂಡಿ ಬಿಟ್ಟು ಡ್ಯೂಟಿಗೆ ಹೋಗಬಾರದು. ನೋಡ್ತಾ ನೋಡ್ತಾ ಬಹಳಷ್ಟು ಜನರಿಗೆ ಇದು ರೂಢಿಯಾಗುತ್ತೆ.

ಸೂಜಿ ಚುಚ್ಚಿಕೊಂಡ್ರೆ ಅನ್ನೋ ಹೆದರಿಕೆ ಮಾತ್ರ ಸುಮ್ಮನೆ ತಳ್ಳಿಹಾಕೋ ಮಾತಲ್ಲ. ವಾರ್ಡಿಗೆ ಹೋಗೋ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿಸಿ. ಪೂರ್ತಿ ಆಗೋಕೆ ಮೂರು ಡೋಸ್, ಸಾಮಾನ್ಯವಾಗಿ ಆರು ತಿಂಗಳು ಬೇಕು. ಚುಚ್ಚಿಕೊಂಡ್ರೆ ಗಾಯ ಹಿಂಡದೆ ಸೋಪು ನೀರಲ್ಲಿ ತೊಳೆದು, ಬೈತಾರೆ ಅಂತ ಮುಚ್ಚಿಡದೆ ತಕ್ಷಣ ಹೇಳಬೇಕು. ಎಚ್‌ಐವಿ ತಡೆಯೋ ಮಾತ್ರೆ ಬೇಕಾದ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು.

ರಜೆಗೆ ಮನೆಗೆ ಬಂದಾಗ ಅಜ್ಜಿಯ ನಾಡಿ ಹಿಡಿದು ಎಣಿಸಲಿ. ದೊಡ್ಡವರಿಗೆ ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಬಡಿತ, 12ರಿಂದ 20 ಉಸಿರು. ಮನೆಯಲ್ಲಿ ಇಪ್ಪತ್ತು ಸಲ ಎಣಿಸಿದ ಕೈ ವಾರ್ಡಲ್ಲಿ ನಡುಗೋದಿಲ್ಲ. ಗಂಡುಮಕ್ಕಳಿಗೆ ಊರಿನವರ ‘ಏನೋ, ನರ್ಸ್ ಆಗ್ತೀಯಾ?’ ಅನ್ನೋ ಕುಹಕ ಬೇರೆ. ಅಂಗಡಿ ಕಟ್ಟೆ ಮೇಲೆ ಕೂತು ಹಾಗೆ ಕೇಳೋದನ್ನ ಬಿಟ್ಟರೆ ಸಾಕು.

ಫೋನಲ್ಲಿ ಅತ್ತಾಗ ದುಡ್ಡಿನ ಲೆಕ್ಕ ತೆಗೀಬೇಡಿ. ‘ಇವತ್ತು ಯಾವ ಕ್ಲಾಸು ಅರ್ಥ ಆಗ್ಲಿಲ್ಲ? ಊಟ ಏನು ಮಾಡಿದೆ? ಯಾರಾದ್ರೂ ಏನಾದ್ರೂ ಅಂದ್ರಾ?’ ಅಂತ ಬಿಡಿಸಿ ಕೇಳಿ. ಪಾಠದ ಕಷ್ಟಕ್ಕೆ ಒಂದು ದಾರಿ, ಹಾಸ್ಟೆಲ್ ಊಟಕ್ಕೆ ಇನ್ನೊಂದು. ಸೀನಿಯರ್‌ಗಳ ಕಾಟ ಇದ್ರೆ ಅದು ರ‍್ಯಾಗಿಂಗ್, ‘ಹೊಂದ್ಕೊಂಡು ಹೋಗು’ ಅನ್ನೋ ವಿಷಯವೇ ಅಲ್ಲ. ರಾಷ್ಟ್ರೀಯ ಸಹಾಯವಾಣಿ 1800-180-5522.

ಎಷ್ಟೋ ಮಕ್ಕಳ ಚಿಂತೆಗೆ ಇನ್ನೊಂದು ಕಾರಣ ಮಾರ್ಕ್ಸ್ ಕಾರ್ಡ್. ‘ಒರಿಜಿನಲ್ ಕೊಟ್ಟಿದೀನಿ, ಸಿಕ್ಕಿಹಾಕ್ಕೊಂಡೆ’ ಅನ್ನೋ ಭಾವನೆ ಕತ್ತು ಹಿಚುಕುತ್ತೆ. ಒರಿಜಿನಲ್ ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಕೋಬಾರದು ಅಂತ ಯುಜಿಸಿ 2018ರಲ್ಲೇ ವಿಶ್ವವಿದ್ಯಾಲಯಗಳಿಗೂ ಅವುಗಳ ಕಾಲೇಜುಗಳಿಗೂ ಹೇಳಿದೆ. ಸೇರಿಸೋ ದಿನವೇ ಕೇಳಿ. ಕೊಡಲೇಬೇಕಾಗಿ ಬಂದ್ರೆ ಬರಹದಲ್ಲಿ ರಸೀದಿ ತಗೊಳ್ಳಿ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಯಾರ ಜೊತೆಗೂ ಮಾತಿಲ್ಲ ಅಂದ್ರೆ ಅದು ಬರೀ ಮನೆ ನೆನಪಲ್ಲ. ‘ಬದುಕೋದೇ ಬೇಡ’ ಅಂದ್ರಂತೂ ಆವತ್ತೇ ಹೊರಟು ಮಗಳ ಹತ್ತಿರ ಹೋಗಿ, ಅಲ್ಲಿ ತಲುಪೋವರೆಗೆ ಒಂಟಿಯಾಗಿ ಬಿಡಬೇಡಿ ಅಂತ ವಾರ್ಡನ್‌ಗೆ ಹೇಳಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಬಹುದು. ಟೆಲಿ ಮಾನಸ್ ಸಂಖ್ಯೆ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಮಕ್ಕಳೇ ಮಾಡಬೇಕು ಅಂತಿಲ್ಲ, ಏನು ಮಾಡೋದು ಅಂತ ತೋಚದ ಅಪ್ಪ ಅಮ್ಮನೂ ಅದೇ ನಂಬರ್‌ಗೆ ಫೋನ್ ಮಾಡಿ ಕೇಳಬಹುದು.